ಬಾಡಿನ ಸಾರು, ಟೊಮೆಟೊ ಮತ್ತು ಇಟಲಿಯ ಕೆಂಪು ವೈನು

ಕ್ಯಾಸಂಬಳ್ಳಿಯ ನಮ್ಮ ಮನೆಗೆ ಬಾಟ್ಲಿ ತಗೊಂಡು ಹೋಗೋದು ಅಂದ್ರೆ ಸಣ್ಣ ವಿಷಯ ಅಲ್ಲ. ತಾತ ಕೆಜಿಎಫ್ ಗಣಿಯಲ್ಲಿ ದುಡಿದ ಕೂಲಿ ಮುಕ್ಕಾಲು ಸಾರಾಯಿ ಅಂಗಡಿಗೇ ಹೋಗ್ತಿತ್ತಂತೆ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಅಜ್ಜಿ ದೇವರಿಗೆ ದೀಪ ಹಚ್ಚಿದ್ದಳು. ಹಾಗಾಗಿ ಮೊನ್ನೆ ಭಾನುವಾರ, ಸ್ನೇಹಿತ ಕೊಟ್ಟ ಕಿಯಾಂಟಿ ಬಾಟ್ಲಿ ಹೊರಗೆ ತೆಗೆದಾಗ ಅಮ್ಮನ ಮುಖ ನೋಡೋಕೆ ಧೈರ್ಯ ಸಾಲಲಿಲ್ಲ :)

ಕಿಯಾಂಟಿ ಇಟಲಿಯ ಟಸ್ಕನಿ ಸೀಮೆಯ ವೈನು. 1716ರಲ್ಲಿ ಅಲ್ಲಿನ ದೊರೆ ಮೂರನೇ ಕೋಸಿಮೊ, ಈ ಹೆಸರಿನ ವೈನು ಯಾವ ಊರುಗಳದ್ದಾಗಿರಬೇಕು ಅಂತ ಗಡಿ ಗುರುತಿಸಿದ. ಇಟಲಿಯ ಪ್ರಧಾನಿಯೂ ಆಗಿದ್ದ ಜಮೀನ್ದಾರ ಬೆಟ್ಟಿನೊ ರಿಕಾಸೊಲಿ, ಇದಕ್ಕೆ ಸಾಂಜೊವೇಸೆ ದ್ರಾಕ್ಷಿಯೇ ಮುಖ್ಯ ಅಂತ 1872ರಲ್ಲಿ ಬರೆದ. ಆ ದ್ರಾಕ್ಷಿಯ ಗುಣ ಎರಡು: ಹುಳಿ, ಒಗರು. ಊಟದ ಹುಳಿಗಿಂತ ವೈನಿನ ಹುಳಿ ಕಡಿಮೆಯಾದ್ರೆ ವೈನು ಸಪ್ಪೆ ಅನ್ಸುತ್ತೆ. ಅದಕ್ಕೇ ಟೊಮೆಟೊ ಜೊತೆ ಇದು ಹೊಂದೋದು. ಮಾಂಸ ತಿಂದಾಗ ಒಗರು ಮೆತ್ತಗಾಗುತ್ತೆ; ಖಾರ ಜಾಸ್ತಿಯಾದ್ರೆ ಮಾತ್ರ ನಾಲಿಗೆ ಉರಿಯುತ್ತೆ.

ಟೊಮೆಟೊ ಜೊತೆ ಕಿಯಾಂಟಿ ಇಟಲಿಯ ಸಂಪ್ರದಾಯ ಅಂತಾರಲ್ಲ, ಎಷ್ಟು ಹಳೇದು? ಟೊಮೆಟೊ ಹುಟ್ಟಿದ್ದು ಅಮೆರಿಕಾ ಖಂಡದಲ್ಲಿ. 1548ರಲ್ಲಿ ಪೀಸಾದ ಮೆಡಿಚಿ ದೊರೆಗಳ ಮನೆಗೆ ಒಂದು ಬುಟ್ಟಿ ಟೊಮೆಟೊ ಬಂದಿದ್ದಕ್ಕೆ ದಾಖಲೆ ಇದೆ. ಅದರ ಸಾಸಿನ ವಿಧಾನ ನೇಪಲ್ಸಿನ ಅಡುಗೆ ಪುಸ್ತಕಕ್ಕೆ ಬಂದಿದ್ದು 17ನೇ ಶತಮಾನದ ಕೊನೆಗೆ. ಟಸ್ಕನಿಯ ವೈನು ಅದಕ್ಕಿಂತ ಎಷ್ಟೋ ಹಳೇದು.

ನಮ್ಮ ಕಥೇನೂ ಅಷ್ಟೇ. ಈಗ ಕೋಲಾರ ಅಂದ್ರೆ ಟೊಮೆಟೊ ಮಂಡಿ. ಅಜ್ಜಿ ಕಾಲದಲ್ಲಿ ಸಾರಿಗೆ ಹುಳಿ ಅಂದ್ರೆ ಹುಣಸೆಹಣ್ಣು. ಮುದ್ದೆ ಮಾತ್ರ ಆಗಲೂ ಇತ್ತು, ಈಗಲೂ ಇದೆ.

ಇಟಲಿಯವರೂ ನಮ್ಮ ಸೀಮೆಗೆ ಹೊಸಬರಲ್ಲ. ಜಾನ್ ಟೇಲರ್ ಕಂಪನಿ 1880ರಲ್ಲಿ ಕೈಹಾಕಿದ, 2001ರಲ್ಲಿ ಮುಚ್ಚಿದ ಈ ಗಣಿಗಳಲ್ಲಿ ಬ್ರಿಟಿಷರ ಜೊತೆ ಇಟಲಿಯ ಕೆಲಸಗಾರರೂ ಇದ್ದರು.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಟೊಮೆಟೊ ಹಾಕಿ, ಖಾರ ಕಡಿಮೆ ಮಾಡಿ ಬಾಡಿನ ಸಾರು ಮಾಡಿಕೊಟ್ಟಳು. ಮುದ್ದೆ, ಸಾರು, ಒಂದು ಲೋಟ ವೈನು... ನಿಜಕ್ಕೂ ಚೆನ್ನಾಗಿತ್ತು. ಎರಡನೇ ಸಲ ಬಾಟ್ಲಿಗೆ ಕೈಹಾಕಿದಾಗ ಅಮ್ಮ ಮೆಲ್ಲಗೆ, "ನಿಮ್ ತಾತನೂ ಒಂದೇ ಲೋಟ ಅಂತಾನೇ ಶುರು ಮಾಡಿದ್ದು ಕಣಪ್ಪಾ" ಅಂದಳು.

ಬಿರಡೆ ಹಾಕಿಟ್ಟೆ. ಅರ್ಧಕ್ಕಿಂತ ಜಾಸ್ತಿ ವೈನು ವಾಪಸ್ ಬೆಂಗಳೂರಿಗೇ ಬಂತು.

ಟೊಮೆಟೊ ಬರೋ ಮುಂಚೆ ನಿಮ್ಮನೇಲಿ ಸಾರಿಗೆ ಏನು ಹುಳಿ ಹಾಕ್ತಿದ್ರು? ಮನೇಲಿ ಹಿರಿಯರಿದ್ದರೆ ಕೇಳಿ, ಬರೀರಿ.