ಕೊಕ್ಕರೆ ಬೆಳ್ಳೂರಿನ ಎರಡು ಪಕ್ಷಿಗಳು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಅನತಿದೂರದಲ್ಲಿರುವ ಬೆಳ್ಳೂರಿಗೆ ಕೊಕ್ಕರೆ ಬೆಳ್ಳೂರೆಂಬ ಹೆಸರು ರೂಢವಾಗಿದೆ. ಆದರೆ ಅಲ್ಲಿನ ಮರಗಳ ಮೇಲೆ ವರ್ಷವರ್ಷವೂ ಸಂಸಾರ ಹೂಡುವ ಮತ್ಸ್ಯಾಹಾರಿಗಳಾದ ಹಿರಿಯ ಪಕ್ಷಿಗಳು ಒಂದಲ್ಲ, ಎರಡು. ಒಂದು ಬಣ್ಣದ ಕೊಕ್ಕರೆ; ಇನ್ನೊಂದು ಹೆಜ್ಜಾರ್ಲೆ. ಊರಿನ ಹೆಸರಿನಲ್ಲಿ ಮೊದಲನೆಯದಕ್ಕೆ ಮಾತ್ರ ಸ್ಥಾನ ದೊರೆತಿದೆ. ಚರಿತ್ರೆಯನ್ನು ನೋಡಿದರೆ ಆ ಊರಿನ ಆಶ್ರಯವು ಎರಡನೆಯದಕ್ಕೇ ಹೆಚ್ಚು ಅವಶ್ಯವಾಗಿದ್ದಿತೆಂದು ನನಗೆ ತೋರುತ್ತದೆ.

ಮೊದಲು ಇವುಗಳ ಭೇದವನ್ನು ತಿಳಿಯಬೇಕು. ಬಣ್ಣದ ಕೊಕ್ಕರೆಯು ನೀಳವಾದ ಕಾಲುಗಳುಳ್ಳದ್ದು. ಹಳದಿಯ ಕೊಕ್ಕಿನ ತುದಿ ಕೊಂಚ ಬಾಗಿರುವುದು. ರೆಕ್ಕೆಯ ಹಿಂಭಾಗದಲ್ಲಿ ಗುಲಾಬಿಯ ಛಾಯೆಯಿರುವುದು. ತೂಕದಲ್ಲಿ ಅದು ಮೂರು ಕಿಲೋಗ್ರಾಮಿನ ಆಸುಪಾಸು. ಹೆಜ್ಜಾರ್ಲೆಯಾದರೋ ನಾಲ್ಕರಿಂದ ಆರು ಕಿಲೋಗ್ರಾಮು ತೂಗುವ ಗಿಡ್ಡ ಕಾಲಿನ ಬೂದುಬಿಳಿ ಪಕ್ಷಿ. ಕೊಕ್ಕಿನ ಕೆಳಗೆ ಚರ್ಮದ ಚೀಲವೊಂದು ಜೋಲುವುದು. ಹೆಜ್ಜೇನಿನಲ್ಲಿ ಹಿರಿಮೆಯನ್ನು ಸೂಚಿಸುವ ಪೂರ್ವಪದವೇ ಇದರ ಹೆಸರಿನಲ್ಲಿಯೂ ಇದ್ದಂತೆ ಕಾಣುತ್ತದೆ.

ಪಂಚತಂತ್ರದ ಬಕನನ್ನು ಓದಿದ ನಾವು ಮೀನು ತಿನ್ನುವ ಹಕ್ಕಿಗಳಿಗೆಲ್ಲ ಬಕಧ್ಯಾನವನ್ನು ಆರೋಪಿಸುತ್ತೇವೆ. ಇವೆರಡಕ್ಕೂ ಆ ಅಪವಾದ ಸಲ್ಲದು. ಬಣ್ಣದ ಕೊಕ್ಕರೆಯು ತೆಳುನೀರಿನಲ್ಲಿ ನಡೆಯುತ್ತ, ಕೊಕ್ಕನ್ನು ಅರೆತೆರೆದು ಮುಳುಗಿಸಿ, ಕಾಲಿನಿಂದ ಕೆಸರನ್ನು ಕದಡಿ, ಮೀನು ತಗುಲಿದೊಡನೆ ಕಚ್ಚುವುದು. ಕಣ್ಣಿಗಿಂತ ಸ್ಪರ್ಶವೇ ಅದಕ್ಕೆ ಪ್ರಮಾಣ. ಹೆಜ್ಜಾರ್ಲೆಯು ಈಜುತ್ತ ಚೀಲವನ್ನು ಬಲೆಯಂತೆ ನೀರಿಗಿಳಿಸಿ ಮೀನನ್ನು ಮೊಗೆಯುವುದು. ಆದಕಾರಣ ಕೆರೆಯ ನೀರು ಮೊಳಕಾಲಿಗಿಳಿದಾಗ ಕೊಕ್ಕರೆಗೆ ಇನ್ನೂ ಕೆಲವು ದಿನ ಅನ್ನವುಂಟು. ಹೆಜ್ಜಾರ್ಲೆಯು ತುಂಬಿದ ಕೆರೆಯನ್ನರಸಿ ಬೇರೆಡೆಗೆ ಹಾರಬೇಕು.

ಇನ್ನು ಚರಿತ್ರೆಯ ಮಾತು. ಮದರಾಸು ಸೈನ್ಯದ ವೈದ್ಯನಾಗಿದ್ದ ಜೆರ್ಡನ್ ಎಂಬಾತನು 1862ರಿಂದ 1864ರ ವರೆಗೆ ಪ್ರಕಟವಾದ ತನ್ನ ಪಕ್ಷಿಗ್ರಂಥದಲ್ಲಿ, ಕರ್ನಾಟಿಕ್ ಪ್ರಾಂತದ ಒಂದು ಊರ ನಡುವಣ ಮರಗಳಲ್ಲಿಯೇ ಹೆಜ್ಜಾರ್ಲೆಗಳು ಬಹುಕಾಲದಿಂದ ಗೂಡು ಕಟ್ಟುತ್ತಿದ್ದುದನ್ನೂ, ಅವು ಜನರ ಸಾಮೀಪ್ಯವನ್ನು ಲೆಕ್ಕಿಸದಿದ್ದುದನ್ನೂ ಬರೆದಿದ್ದಾನೆ. ಊರಿನ ಹೆಸರನ್ನು ಅಲ್ಲಿ ಹೇಳಿಲ್ಲ. ಅದು ನಮ್ಮ ಬೆಳ್ಳೂರೇ ಎಂದು ಅಭಿಮಾನದಿಂದ ಸಾಧಿಸಹೊರಡುವುದು ಯುಕ್ತವಲ್ಲ.

ಇದಕ್ಕೆ ವಿಪರೀತವಾದ ಕಥೆ ಬರ್ಮಾ ದೇಶದ್ದು. ಅಲ್ಲಿ ಸಿತ್ತಾಂಗ್ ನದಿಯ ಬಯಲಿನ ಮಹಾವೃಕ್ಷಗಳ ಮೇಲೆ ಇದೇ ಜಾತಿಯ ಹೆಜ್ಜಾರ್ಲೆಗಳು ಅಸಂಖ್ಯಾತವಾಗಿ ನೆರೆದಿದ್ದುದನ್ನು 1877ರಲ್ಲಿ ಓಟ್ಸ್ ಎಂಬಾತನು ಕಂಡನು. ಗೂಡುಗಳ ಆ ಅರಣ್ಯವು ಹರದಾರಿಗಟ್ಟಲೆ ವ್ಯಾಪಿಸಿದ್ದಿತು. 1930ರ ಮತ್ತು 1940ರ ದಶಕಗಳ ನಡುವೆ ಆ ನೆಲೆಯೇ ಶೂನ್ಯವಾಯಿತು. ಮನುಷ್ಯವಸತಿಯಿಂದ ದೂರವಾದ ಕಾಡು ಬರಿದಾಯಿತು. ಎತ್ತಿನ ಗಾಡಿ ಓಡಾಡುವ ಬೀದಿಯ ಹುಣಿಸೆಮರ ಉಳಿಸಿಕೊಂಡಿತು! ವಾಚಕರು ಇದನ್ನು ಗಮನಿಸಬೇಕು.

ಬೆಳ್ಳೂರಿನಲ್ಲಿ ಇವು ಉಳಿದ ಬಗೆ ಸರಳವಾದುದು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಗ್ರಾಮಸ್ಥರು ಎರಡು ಜಾತಿಗಳನ್ನೂ ಭಾವಿಸುತ್ತಾರೆ. ಮರದಡಿಯಲ್ಲಿ ಬಿದ್ದ ಹಿಕ್ಕೆಯು ಹೊಲಕ್ಕೆ ಗೊಬ್ಬರವಾಗುವುದೂ ಸುಳ್ಳಲ್ಲ. ಆದರೆ ಅದೇ ಹಿಕ್ಕೆಯಿಂದ ಹುಣಿಸೆಯ ಫಸಲು ಕೆಡುವುದು. ಮರದ ಒಡೆಯನಿಗೆ ಅದು ನಷ್ಟವೇ. ಅರಣ್ಯಾಧಿಕಾರಿಗಳಾದ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಸ್ಥಳವನ್ನು ಹೊರಜಗತ್ತಿಗೆ ಪರಿಚಯಿಸಿದ ಬಳಿಕ, ಗೂಡುಳ್ಳ ಮರಗಳ ಒಡೆಯರಿಗೆ ಸರ್ಕಾರವು ಪರಿಹಾರ ಕೊಡುವ ಏರ್ಪಾಟು ನಡೆಯಿತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆನಿಸಿತು.

2017ರ ಕೊನೆಯಿಂದ 2018ರ ವರೆಗೆ ಅಲ್ಲಿ ಹಲವು ಹೆಜ್ಜಾರ್ಲೆಗಳು ಸತ್ತು ಮರದಿಂದ ಬಿದ್ದವು. ಪರೀಕ್ಷಿಸಿದಾಗ ಅವುಗಳ ಉದರದಲ್ಲಿ ಜಂತುಹುಳುಗಳು ಕಂಡುಬಂದವು. ಆಗ ವೃತ್ತಾಂತವನ್ನು ಕೇಳಿದ ದೂರದವರು ಕೊಕ್ಕರೆಗಳು ಸತ್ತವೆಂದೇ ಹೇಳಿಕೊಂಡರು. ಊರಿನವರಿಗೆ ಮಾತ್ರ ಸತ್ತವರಾರೆಂಬುದು ತಿಳಿದಿದ್ದಿತು.