ದೀರ್ಘ ಬಳಲಿಕೆಯ ರೋಗ ಮತ್ತು ನಿಲ್ಲಲಾರದ ದೇಹ: ಒಂದು ಚಾರಿತ್ರಿಕ ವಿವೇಚನೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗದ ಬೆಟ್ಟವು ಸಮುದ್ರಮಟ್ಟದಿಂದ ಸುಮಾರು 1,117 ಮೀಟರು ಎತ್ತರವಾಗಿದೆ. ಮೇಲಣ ಕೋಟೆಯನ್ನು ನೋಡಲು ಹತ್ತಿದವರು ಏದುಸಿರು ಬಿಡುವುದು ಸಹಜ. ಒಂದು ರಾತ್ರಿಯ ನಿದ್ರೆಯಿಂದ ಆ ದಣಿವು ಪರಿಹಾರವಾಗುತ್ತದೆ. ಆದರೆ ಬೆಟ್ಟ ಹತ್ತುವುದಂತಿರಲಿ, ಅದರ ಬುಡದ ರೈಲು ನಿಲ್ದಾಣದಲ್ಲಿ ಗಾಡಿಗಾಗಿ ಹತ್ತು ನಿಮಿಷ ನಿಂತರೆ ಸಾಕು, ಎದೆ ಬಡಿದುಕೊಂಡು, ತಲೆ ತಿರುಗಿ, ಕಣ್ಣು ಕತ್ತಲಿಟ್ಟು ಕುಸಿದು ಕೂಡುವಂಥ ರೋಗಿಗಳೂ ಉಂಟು. ನಿದ್ರೆಯಿಂದ ಅವರ ಬಳಲಿಕೆ ನೀಗುವುದಿಲ್ಲ. ದೀರ್ಘಕಾಲಿಕ ಬಳಲಿಕೆಯ ರೋಗವೆಂದು ವೈದ್ಯರು ಕರೆಯುವ ಈ ವ್ಯಾಧಿಯಲ್ಲಿ ನಿಲ್ಲಲಾರದಿರುವುದು ಒಂದು ಮುಖ್ಯ ಲಕ್ಷಣ. ಕಣ್ಣೆದುರಿಗಿದ್ದ ಈ ಲಕ್ಷಣವು ಬಹುಕಾಲ ಗಣನೆಗೆ ಬಾರದೆ ಹೋದುದೇಕೆಂಬುದೇ ನಮ್ಮ ಪ್ರಕೃತ ವಿಷಯ.

ಮನುಷ್ಯನು ಎದ್ದು ನಿಂತೊಡನೆ ಅರ್ಧ ಲೀಟರಿಗೂ ಮಿಗಿಲಾದ ರಕ್ತವು ಹೊಟ್ಟೆ ಕಾಲುಗಳ ಕಡೆಗೆ ಇಳಿಯುತ್ತದೆ. ಆಗ ರಕ್ತನಾಳಗಳು ಬಿಗಿದು, ಹೃದಯದ ಬಡಿತ ತುಸು ಹೆಚ್ಚಿ, ಮಿದುಳಿಗೆ ಸಲ್ಲಬೇಕಾದ ರಕ್ತ ಸಲ್ಲುತ್ತದೆ. ಈ ಏರ್ಪಾಡು ಕೆಟ್ಟವನಿಗೂ ಮಲಗಿದರೆ ಬಹುಮಟ್ಟಿಗೆ ನೆಮ್ಮದಿಯಾಗುವುದರಿಂದ, ಮಲಗಿಸಿ ಪರೀಕ್ಷಿಸುವ ವೈದ್ಯನಿಗೆ ದೋಷವು ಕಾಣದೆ ಹೋಗಬಹುದು.

ಇದರ ಹಳೆಯ ಆಧಾರಗಳು ಸೈನ್ಯಗಳ ವೈದ್ಯಕೀಯ ಬರಹಗಳಲ್ಲಿ ದೊರೆಯುತ್ತವೆ. ನಿಲ್ಲುವುದೇ ಉದ್ಯೋಗವಾಗಿದ್ದವನು ನಿಲ್ಲಲಾರದಾದರೆ ಅದು ದಾಖಲೆಗೆ ಬಾರದಿರಲು ಸಾಧ್ಯವಿಲ್ಲವಷ್ಟೆ. ಬ್ರಿಟಿಷ್ ಸೈನ್ಯದ ವೈದ್ಯ ಮಯರ್ಸ್ 1870ರಲ್ಲಿ ಸಿಪಾಯಿಗಳ ಹೃದ್ರೋಗಕ್ಕೆ ಬಿಗಿಯಾದ ಸಮವಸ್ತ್ರವನ್ನೂ ಪಟ್ಟಿಗಳನ್ನೂ ಹೊಣೆಮಾಡಿದರು. ಅಮೆರಿಕದ ಅಂತರ್ಯುದ್ಧದ 300ಕ್ಕೂ ಹೆಚ್ಚು ಸೈನಿಕರನ್ನು ನೋಡಿದ್ದ ಫಿಲಡೆಲ್ಫಿಯದ ಡ ಕೊಸ್ಟ ಅವರು 1871ರಲ್ಲಿ 'ಕೆರಳುವ ಹೃದಯ'ವೆಂಬ ಹೆಸರನ್ನು ಪ್ರಚಾರಕ್ಕೆ ತಂದರು. ಮಲಗಿದಾಗಿನ ನಾಡಿಯೇ ಬೇರೆ, ನಿಂತಾಗಿನ ನಾಡಿಯೇ ಬೇರೆ ಎಂಬುದನ್ನು ಅವರು ಗಮನಿಸಿಯೂ ಇದ್ದರು. ಆದರೂ ಮುಂದಿನ ಚರ್ಚೆಯೆಲ್ಲ ಹೃದಯ, ಶ್ರಮ, ಮನಸ್ಸುಗಳ ಸುತ್ತ ನಡೆಯಿತೇ ಹೊರತು ಭಂಗಿಯ ಕಡೆಗೆ ಹೆಚ್ಚಾಗಿ ತಿರುಗಲಿಲ್ಲ. ಆ ಸೈನಿಕರೆಲ್ಲರಿಗೂ ಇದೇ ರೋಗವಿತ್ತೆಂದು ನಾವು ಹೇಳುತ್ತಿಲ್ಲ. ಸುಳಿವು ಕೈಯಲ್ಲಿತ್ತೆಂಬುದಷ್ಟೇ ನಮ್ಮ ಅಭಿಪ್ರಾಯ.

1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ 292 ಮಂದಿ ಸಿಬ್ಬಂದಿ ವಿಚಿತ್ರವಾದ ಕಾಯಿಲೆಗೆ ಗುರಿಯಾದರು. ಹದಿನೈದು ವರ್ಷಗಳ ತರುವಾಯ, 1970ರಲ್ಲಿ, ಇಬ್ಬರು ಮನೋವೈದ್ಯರು ಹಳೆಯ ಕಡತಗಳನ್ನು ಓದಿ ಇದು ಸಾಮೂಹಿಕ ಉನ್ಮಾದವೆಂದು ತೀರ್ಮಾನವಿತ್ತರು. ರೋಗಿಗಳನ್ನು ಅವರು ಪರೀಕ್ಷಿಸಿರಲಿಲ್ಲ. ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಕಡತಗಳ ಮೇಲೆ ಗೌರವವುಂಟು. ಆದರೆ ಸಾಕ್ಷಿಗಳು ಬದುಕಿರುವಾಗಲೇ ಅವರನ್ನು ಬಿಟ್ಟು ಕಾಗದವನ್ನಷ್ಟೇ ನೆಚ್ಚುವುದನ್ನು ನಮ್ಮ ಶಾಸ್ತ್ರವೂ ಒಪ್ಪಲಾರದು.

ನಿಲ್ಲಿಸಿ ನೋಡುವ ಕಾರ್ಯ ಈ ರೋಗದಲ್ಲಿ ಪ್ರಾಮುಖ್ಯಕ್ಕೆ ಬಂದುದು 1995ರಲ್ಲಿ. ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ವೈದ್ಯರು ರೋಗಿಗಳನ್ನು ಮಂಚಸಹಿತ ಓರೆಯಾಗಿ ಎತ್ತಿ ನಿಲ್ಲಿಸಿದಾಗ 23 ಮಂದಿಯಲ್ಲಿ 22 ಮಂದಿಗೆ ಅಸಹಜ ಪ್ರತಿಕ್ರಿಯೆಯುಂಟಾಯಿತು. ಆರೋಗ್ಯವಂತರಲ್ಲಿ 14ಕ್ಕೆ ನಾಲ್ವರಿಗೆ ಮಾತ್ರ. 2020ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನವು ಇನ್ನೂ ಮುಂದೆ ಹೋಯಿತು. ಅಲ್ಲಿ 429 ರೋಗಿಗಳ ಕತ್ತಿನ ರಕ್ತನಾಳಗಳನ್ನು ಅಲ್ಟ್ರಾಸೌಂಡಿನಿಂದ ಅಳೆಯಲಾಯಿತು. ಎತ್ತಿ ನಿಲ್ಲಿಸಿದಾಗ ಆರೋಗ್ಯವಂತರ ಮಿದುಳಿನ ರಕ್ತದ ಹರಿವು ಸರಾಸರಿ ಶೇಕಡ 7ರಷ್ಟು ತಗ್ಗಿದರೆ, ರೋಗಿಗಳದು ಶೇಕಡ 26ರಷ್ಟು ತಗ್ಗಿತು. ನಾಡಿಯೂ ರಕ್ತದೊತ್ತಡವೂ ಸರಿಯಾಗಿದ್ದ ರೋಗಿಗಳಲ್ಲಿಯೂ ಈ ಇಳಿತ ಶೇಕಡ 24ರಷ್ಟಿತ್ತು!

ನಮ್ಮ ಮನೆಗಳಲ್ಲಿ ಸದಾ ಬಳಲುವ ಹೆಂಗಸಿಗೆ 'ರಕ್ತ ಕಡಿಮೆ' ಎನ್ನುವುದು ವಾಡಿಕೆ. ನೆರೆಯ ಗೋವೆಯಲ್ಲಿ 2,494 ಸ್ತ್ರೀಯರನ್ನು ಕುರಿತು 2005ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇಕಡ 12.1ರಷ್ಟು ಮಂದಿ ಆರು ತಿಂಗಳಿಗೂ ಮೀರಿದ ಬಳಲಿಕೆಯನ್ನು ಹೇಳಿಕೊಂಡಿದ್ದರು. ರಕ್ತಹೀನತೆಗೂ ಅದಕ್ಕೂ ಸಂಬಂಧ ಕಂಡುಬರಲಿಲ್ಲ. ಇವರೆಲ್ಲರಿಗೂ ಈ ರೋಗವಿತ್ತೆನ್ನಲಾಗದು, ಬಡತನವೂ ಮನಃಕ್ಲೇಶವೂ ಅಲ್ಲಿ ಕಾರಣಗಳಾಗಿ ತೋರಿದ್ದವು. ಆದರೆ ರಕ್ತ ಎಷ್ಟಿದೆಯೆಂಬ ಪ್ರಶ್ನೆಯ ಜೊತೆಗೆ, ನಿಂತಾಗ ಅದು ಎಲ್ಲಿಗೆ ಹೋಗುತ್ತದೆಯೆಂಬ ಪ್ರಶ್ನೆಯನ್ನೂ ಕೇಳಬಹುದಾಗಿದೆ. ಮೊದಲ ಪರೀಕ್ಷೆಗೆ ಬೇಕಾಗುವುದು ಗಡಿಯಾರ, ರಕ್ತದೊತ್ತಡದ ಯಂತ್ರ, ಹತ್ತು ನಿಮಿಷದ ಬಿಡುವು ಮತ್ತು ರೋಗಿ ಬೀಳದಂತೆ ಹಿಡಿದುಕೊಳ್ಳಲು ಒಬ್ಬರು.