ಬ್ರಾಹ್ಮನ್ ಎಂಬ ಸಂಕರ

ಕೃಷ್ಣಾ ತೀರದ ದನಗಳ ಚರಿತ್ರೆ ಓದಲು ಹೊರಟ ನಾನು ಟೆಕ್ಸಾಸಿನ ಹುಲ್ಲುಗಾವಲು ತಲುಪಿದೆ. ಅಮೆರಿಕದಲ್ಲಿ ಮಾಂಸಕ್ಕಾಗಿ ಸಾಕುವ ದನಗಳಲ್ಲಿ ಹೆಸರಾದ ‘ಬ್ರಾಹ್ಮನ್’ ತಳಿಯ ವಂಶಾವಳಿಯಲ್ಲಿ ಗಿರ್, ಕಾಂಕ್ರೇಜ್, ಓಂಗೋಲ್‌ಗಳ ಜೊತೆಗೆ, ಪಾಲು ಕಡಿಮೆಯಾದರೂ, ನಮ್ಮ ಕೃಷ್ಣಾ ವ್ಯಾಲಿಯೂ ಇದೆ. ನಾಲ್ಕು ಸೀಮೆಯ ದನ ಬೆರೆಸಿ ಮಾಡಿದ ಸಂಕರಕ್ಕೆ ಇಟ್ಟ ಹೆಸರು ಬ್ರಾಹ್ಮನ್! 1924ರಲ್ಲಿ ಹೂಸ್ಟನ್‌ನಲ್ಲಿ ತಳಿಸಂಘ ಕಟ್ಟಿದವರಿಗೆ ಇದರಲ್ಲಿ ನಗುವಂಥದ್ದೇನೂ ಕಂಡಿರಲಿಕ್ಕಿಲ್ಲ. ವರ್ಣಸಂಕರಕ್ಕೆ ಹೆದರಿದ ಶಾಸ್ತ್ರಗಳ ನೆರಳಲ್ಲಿ ಬೆಳೆದ ನಮಗೆ ಬರುವ ನಗು ಬೇರೆ.

ಅಲ್ಲಿನವರಿಗೆ ಬೇಕಿದ್ದದ್ದು ಬಾಳಿಕೆ. ಬ್ರಿಟನ್ನಿನ ಶಾರ್ಟ್‌ಹಾರ್ನ್, ಹೆರಿಫರ್ಡ್ ದನಗಳಿಗೆ ಮೈತುಂಬ ಮಾಂಸ. ಆದರೆ ಮೆಕ್ಸಿಕೋ ಕೊಲ್ಲಿಯ ಸೆಕೆಗೆ ಸೊರಗುತ್ತಿದ್ದವು, ಟೆಕ್ಸಾಸ್ ಜ್ವರಕ್ಕೆ ಸಾಯುತ್ತಿದ್ದವು. ಆ ಜ್ವರ ಹರಡುವುದು ಉಣುಗಿನಿಂದ ಎಂದು ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ತೋರಿಸಿದರು. ಹಿಣಿಲಿನ ದನ ಬಿಸಿಲನ್ನೂ ಉಣುಗನ್ನೂ ತಾಳುತ್ತಿತ್ತು.

ಅದು ಅಲ್ಲಿಗೆ ಹೋದ ಕತೆಯೂ ಸ್ವಾರಸ್ಯದ್ದು. ಭಾರತಕ್ಕೆ ಹೊರಟ ಬ್ರಿಟಿಷ್ ಪ್ರತಿನಿಧಿಗೆ ಹತ್ತಿ, ಕಬ್ಬಿನ ಬೇಸಾಯ ಕಲಿಸಿದ್ದಕ್ಕೆ ಲೂಯಿಸಿಯಾನದ ತೋಟದ ಮಾಲೀಕ ರಿಚರ್ಡ್ ಬ್ಯಾರೋಗೆ 1854ರಲ್ಲಿ ಎರಡು ಹೋರಿಗಳು ಬಳುವಳಿಯಾಗಿ ಬಂದವು. ಆ ಸೀಮೆಯ ತೋಟಗಳಲ್ಲಿ ದುಡಿಯುತ್ತಿದ್ದವರು ಗುಲಾಮರು. ಅವರ ಹೆಸರಾಗಲಿ, ಈ ಹೋರಿಗಳನ್ನು ಸಾಕಿದ ದನಗಾಹಿಯ ಹೆಸರಾಗಲಿ ತಳಿಯ ಚರಿತ್ರೆಯಲ್ಲಿ ಬರುವುದಿಲ್ಲ. 1906ರಲ್ಲಿ ಎ.ಪಿ. ಬೋರ್ಡನ್ ಭಾರತದಿಂದ 51 ದನ ತರಿಸಿದ. ಸರ್ರಾ ರೋಗ ಕಾಣಿಸಿಕೊಂಡು, ಕ್ವಾರಂಟೈನ್ ದಾಟಿ ಉಳಿದವು 33.

ಕಿಂಗ್ ರಾಂಚ್‌ನವರು ಹಿಣಿಲಿನ ಹೋರಿಗಳನ್ನು ಶಾರ್ಟ್‌ಹಾರ್ನ್ ಹಸುಗಳಿಗೆ ಕೂಡಿಸಿದರು. 1920ರಲ್ಲಿ ಹುಟ್ಟಿದ ಕೆಂಪು ಕರುವಿಗೆ ‘ಮಂಕಿ’ ಎಂದು ಹೆಸರಿಟ್ಟರು. ಸಾಂತಾ ಗರ್ಟ್ರೂಡಿಸ್ ತಳಿಯ ಮೂಲಪುರುಷ ಈ ಕೋತಿರಾಯನೇ. 1940ರಲ್ಲಿ ಅಮೆರಿಕದ ಕೃಷಿ ಇಲಾಖೆ ಅದನ್ನು ಪ್ರತ್ಯೇಕ ತಳಿಯೆಂದು ಒಪ್ಪಿತು. ಎಂಟರಲ್ಲಿ ಮೂರು ಪಾಲು ಬ್ರಾಹ್ಮನ್, ಐದು ಪಾಲು ಶಾರ್ಟ್‌ಹಾರ್ನ್.

ದೂರದ ಎರಡು ತಳಿ ಕೂಡಿದಾಗ ಕರು ತಂದೆತಾಯಿಗಳ ಸರಾಸರಿಯನ್ನು ಮೀರುತ್ತದೆ. ಇದೇ ಹೈಬ್ರಿಡ್ ವಿಗರ್, ಸಂಕರದ ಹುರುಪು. ಕರು ಬೇಗ ಬೆಳೆಯುತ್ತದೆ ಎಂಬುದಷ್ಟೇ ಅದರ ಅರ್ಥವೆಂದು ನಾನೂ ಅಂದುಕೊಂಡಿದ್ದೆ. ನೆಬ್ರಾಸ್ಕದ ಫೋರ್ಟ್ ರಾಬಿನ್ಸನ್‌ನಲ್ಲಿ ಹೆರಿಫರ್ಡ್, ಆಂಗಸ್, ಶಾರ್ಟ್‌ಹಾರ್ನ್ ಬೆರೆಸಿ ನಡೆಸಿದ ಪ್ರಯೋಗದಲ್ಲಿ, ಹೋರಿಗೆ ಬಿಟ್ಟ ಪ್ರತಿ ಹಸುವಿನ ಲೆಕ್ಕಕ್ಕೆ, ಹಾಲು ಬಿಡಿಸುವ ಹೊತ್ತಿನ ಕರುಗಳ ತೂಕ ಶೇ. 23ರಷ್ಟು ಏರಿತು. ಅದರಲ್ಲಿ ಶೇ. 15ರಷ್ಟು ಬಂದದ್ದು ಕರು ಸಂಕರವಾದ್ದರಿಂದಲ್ಲ, ತಾಯಿ ಸಂಕರವಾದ್ದರಿಂದ: ಅವಳು ಹೆಚ್ಚು ಗಬ್ಬ ಕಟ್ಟುತ್ತಾಳೆ, ಹೆಚ್ಚು ಹಾಲೂಡುತ್ತಾಳೆ, ಕರುವನ್ನು ಉಳಿಸಿಕೊಳ್ಳುತ್ತಾಳೆ. ಹೋರಿಗಳ ಹೆಸರೇ ತುಂಬಿದ ಚರಿತ್ರೆಗೆ ಈ ಅಂಕಿ ಒಂದು ತಿದ್ದುಪಡಿ.

ಆದರೆ ಈ ಹುರುಪು ಪಿತ್ರಾರ್ಜಿತದಂತೆ ಕೈಗೆ ಸಿಗುವುದಲ್ಲ. ಸಂಕರಕ್ಕೆ ಸಂಕರವನ್ನೇ ಕೂಡಿಸಿದರೆ ಮುಂದಿನ ಪೀಳಿಗೆಗೆ ಅರ್ಧ ಸೋರಿಹೋಗುತ್ತದೆ. ಸಾಂತಾ ಗರ್ಟ್ರೂಡಿಸ್‌ನ ಪಾಲುಗಳ ಲೆಕ್ಕ ಹಾಕಿದರೆ ನಿಲ್ಲುವುದು ಶೇ. 47. ಪೂರ್ತಿ ಬೇಕೆಂದರೆ ಬೆರೆಯದೆ ಉಳಿದ ಎರಡು ತಳಿಗಳ ಬಳಿಗೇ ಮರಳಬೇಕು.

ಬೆರೆಯದೆ ಉಳಿದದ್ದು ಎಂದರೇನು ಎಂಬುದು ನನ್ನನ್ನು ಕಾಡುವ ಪ್ರಶ್ನೆ. ನಾವಿಂದು ಉಳಿಸಬೇಕೆನ್ನುವ ಕೃಷ್ಣಾ ವ್ಯಾಲಿಯೇ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳ ಸೀಮೆಯಲ್ಲಿ ಗಿರ್, ಓಂಗೋಲ್, ಕಾಂಕ್ರೇಜ್ ಹೋರಿಗಳನ್ನು ಮೈಸೂರು ಜಾತಿಯ ಸ್ಥಳೀಯ ದನಗಳೊಡನೆ ಬೆರೆಸಿ ಮಾಡಿದ್ದು. ಎರೆನೆಲ ಉಳುವಷ್ಟು ಬಲದ ಎತ್ತು ಬೇಕಿತ್ತು, ಬೆರೆಸಿದರು. ಮೂರು ನಾಲ್ಕು ತಲೆಮಾರಿನಲ್ಲಿ ಆ ಸಂಕರವೇ ‘ಶುದ್ಧ’ವಾಯಿತು, ಹಡಗು ಹತ್ತಿತು, ಇನ್ನೊಂದು ಸಂಕರದ ಬೇರಾಯಿತು. ಈಗ ಎರೆನೆಲವನ್ನು ಟ್ರ್ಯಾಕ್ಟರ್ ಉಳುತ್ತದೆ, ಕೊಟ್ಟಿಗೆಯಲ್ಲಿ ಜರ್ಸಿ, ಎಚ್‌ಎಫ್ ಮಿಶ್ರತಳಿಗಳಿವೆ, ಕೃಷ್ಣಾ ವ್ಯಾಲಿ ದನಗಳ ಸಂಖ್ಯೆ ಇಳಿದಿದೆ. ಅದರ ಒಂದಿಷ್ಟು ರಕ್ತ ಟೆಕ್ಸಾಸಿನಲ್ಲಿ, ಬ್ರಾಹ್ಮನ್ ಎಂಬ ಹೆಸರಲ್ಲಿ ಮೇಯುತ್ತಿದೆ.